‘ಎಲ್ಲ ನಾರ್ಮಲ್’ ಅಂದ ಮೇಲೂ ನೋಯುವ ಹೊಟ್ಟೆ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹರಿಹರದ ಕಡೆಯ ಒಂದು ಹಳ್ಳಿಯ ಹುಡುಗಿ. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ಮನೆ. ಅಪ್ಪ, ಅಮ್ಮ, ಅಜ್ಜಿ, ಒಬ್ಬ ಪುಟ್ಟ ತಮ್ಮ. ಈ ವರ್ಷ ಊರಿನ ಶಾಲೆ ಬಿಡಿಸಿ ದಾವಣಗೆರೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದಾರೆ. ಬೆಳಿಗ್ಗೆ ವ್ಯಾನ್ ಬರುವ ಹೊತ್ತಿಗೆ ಹೊಕ್ಕುಳಿನ ಸುತ್ತ ನೋವು ಶುರುವಾಗುತ್ತದೆ. ಮುದುಡಿ ಮಲಗಿ ಅಳುತ್ತಾಳೆ. ಹನ್ನೊಂದರ ಹೊತ್ತಿಗೆ ತಾನೇ ಇಳಿಯುತ್ತದೆ. ಮೂರು ತಿಂಗಳಿಂದ ವಾರದಲ್ಲಿ ಎರಡು ಮೂರು ದಿನ ಹೀಗೇ.

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ದಿನ ಅಮ್ಮ ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ರಕ್ತ, ಮೂತ್ರ, ಮಲದ ಪರೀಕ್ಷೆ, ಸ್ಕ್ಯಾನಿಂಗ್. ಜಂತುಹುಳದ ಮಾತ್ರೆ ಆಗಿದೆ, ಗ್ಯಾಸಿನ ಸಿರಪ್ ಆಗಿದೆ. ಅಜ್ಜಿ ಹೊಕ್ಕುಳಿಗೆ ಇಂಗು ಹಚ್ಚಿದ್ದಾರೆ, ದೃಷ್ಟಿಯನ್ನೂ ತೆಗೆದಿದ್ದಾರೆ. ಮಕ್ಕಳ ಡಾಕ್ಟರು ‘ಎಲ್ಲ ನಾರ್ಮಲ್, ಒಮ್ಮೆ ಆಪ್ತಸಲಹೆಗೆ ಹೋಗಿ’ ಅಂದಿದ್ದು ಆ ತಾಯಿಗೆ ತುಂಬಾ ಬೇಜಾರಾಗಿತ್ತು.

“ನಾರ್ಮಲ್ ಅಂದ್ರೆ ಏನ್ರೀ ಮೇಡಂ? ನನ್ನ ಮಗಳು ಸುಳ್ಳು ಹೇಳ್ತಾಳೇನ್ರೀ?”

ಇಲ್ಲ. ಹುಡುಗಿಯ ಎದುರೇ ಹೇಳಿದೆ: ನಿನ್ನ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಅವಳು ಮೊದಲ ಸಲ ತಲೆ ಎತ್ತಿ ನೋಡಿದಳು.

ಇದು ಹೊಸ ಕಾಯಿಲೆಯೇನಲ್ಲ. 1958ರಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರು ಇಂಗ್ಲೆಂಡಿನಲ್ಲಿ 1000 ಶಾಲಾಮಕ್ಕಳ ಸಮೀಕ್ಷೆ ಮಾಡಿ ಪ್ರಕಟಿಸಿದರು. ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಮಗುವಿಗೆ ಪದೇ ಪದೇ ಹೊಟ್ಟೆನೋವು ಬರುತ್ತಿತ್ತು. ಅಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಹೊಟ್ಟೆಯೊಳಗೆ ಬೇರೆ ರೋಗ ಸಿಗುವುದಿಲ್ಲ. ಇಂಥ ಹೊಟ್ಟೆ, ಕರುಳಿನ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ರೋಮ್ ಮಾನದಂಡದ 2016ರ ಆವೃತ್ತಿ ಇದನ್ನು ಕರುಳು ಮತ್ತು ಮಿದುಳಿನ ನಡುವಿನ ಒಡನಾಟದ ತೊಂದರೆ ಎಂದೇ ಗುರುತಿಸುತ್ತದೆ. ಹುಡುಗಿಗೆ ಹೇಳಿದ್ದು ಇಷ್ಟೇ: ಟಿವಿ ಕೆಟ್ಟಿಲ್ಲ, ಸೌಂಡ್ ಜಾಸ್ತಿ ಆಗಿದೆ. ಭಯ ಆದಾಗ ಇನ್ನೂ ಏರುತ್ತದೆ. ಇಳಿಸುವುದನ್ನು ಕಲಿಯೋಣ.

ಆಮೇಲೆ ಅವಳೊಬ್ಬಳ ಹತ್ತಿರ ಮಾತಾಡಿದೆ. ಶಾಲೆಯಲ್ಲಿ ಯಾವುದು ಕಷ್ಟ ಅಂತ ಕೇಳಿದರೆ ಇಂಗ್ಲಿಷ್ ಅನ್ನುತ್ತಾಳೆ ಅಂದುಕೊಂಡಿದ್ದೆ. “ಅಲ್ಲಿ ಬಾತ್‌ರೂಮಿಗೆ ಚಿಲಕ ಇಲ್ಲ ಮಿಸ್” ಅಂದಳು. ಅದಕ್ಕೇ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ವಾಟರ್ ಬಾಟಲ್ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತದೆ. ಇದು ಯಾವ ಸ್ಕ್ಯಾನಿಂಗಿನಲ್ಲೂ ಕಾಣುವುದಿಲ್ಲ, ಅಲ್ವಾ?

ಇನ್ನು ಮನೆ. ಬೆಳಿಗ್ಗೆ ಎದ್ದ ಕೂಡಲೇ ಅಮ್ಮ “ಹೊಟ್ಟೆ ಹೆಂಗೈತೆ?” ಅಂತ ಕೇಳುತ್ತಾರೆ. ಅಜ್ಜಿ ಪಕ್ಕ ಕೂತು ಹೊಟ್ಟೆ ಸವರುತ್ತಾರೆ. ಅಪ್ಪ ಗದ್ದೆಗೆ ಹೊರಟವರು ಬೈಕ್ ನಿಲ್ಲಿಸಿ ಒಳಗೆ ಬರುತ್ತಾರೆ. ಶಾಲೆ ತಪ್ಪಿದ ದಿನ ಮೊಬೈಲ್ ಕೈಗೆ ಬರುತ್ತದೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಆ ಪ್ರೀತಿಯೆಲ್ಲ ನೋವು ಬಂದ ಗಳಿಗೆಗೇ ಸುರಿಯುತ್ತಿದೆ.

2006ರಲ್ಲಿ ಅಮೆರಿಕದ ಲಿನ್ ವಾಕರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ, ಸ್ವಲ್ಪ ಸಂಕಟ ಆದಾಗ ಹೆತ್ತವರು ಹೇಗೆ ನಡೆದುಕೊಂಡರೆ ಏನಾಗುತ್ತದೆ ಎಂದು ನೋಡಿದರು. ಹೆತ್ತವರು ನೋವಿನ ಬಗ್ಗೆಯೇ ಮಾತಾಡಿದಾಗ ಮಕ್ಕಳ ದೂರು ಸುಮಾರು ಎರಡು ಪಟ್ಟಾಯಿತು. ಬೇರೆ ಕಡೆಗೆ ಗಮನ ಸೆಳೆದಾಗ ಅರ್ಧಕ್ಕೆ ಇಳಿಯಿತು. ಆದರೆ ಹೊಟ್ಟೆನೋವಿನ ಮಕ್ಕಳ ಹೆತ್ತವರಿಗೆ ಗಮನ ಬೇರೆಡೆ ಸೆಳೆಯುವುದೇ ಮಗುವಿಗೆ ಕೆಡುಕು ಅನಿಸಿತ್ತು. ಮಕ್ಕಳು ಮಾತ್ರ ಅದರಿಂದಲೇ ಹಾಯೆನಿಸಿತು ಅಂದರು. ನನ್ನ ಮುಂದೆ ಕೂತ ತಾಯಿಯ ಸಂಕಟ ಇದರಲ್ಲೇ ಇದೆ. ‘ಕೇಳದೆ ಹೆಂಗಿರ್ಲಿ, ಕಲ್ಲುಮನಸ್ಸು ಆಗಲ್ವಾ?’ ಅಂತ ಅವರ ಭಯ.

ಅಪ್ಪ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. “ಅದು ಅಮೆರಿಕದ ಮಾತು ಮೇಡಂ. ನಮ್ಮನೇಲಿ ಅವ್ವ ಇದಾರಲ್ರೀ, ಅವರಿಗೆ ಯಾರು ಹೇಳೋರು?” ನಿಜ. ಆ ಅಧ್ಯಯನದಲ್ಲಿದ್ದದ್ದು ಒಂದು ಮಗು, ಒಬ್ಬ ಅಪ್ಪ ಅಥವಾ ಅಮ್ಮ. ಇಲ್ಲಿ ತುಂಬಿದ ಮನೆ. ಸಂಶೋಧನೆ ಎಷ್ಟೇ ಗಟ್ಟಿಯಿರಲಿ, ಬೆಳಿಗ್ಗೆ ಏಳೂವರೆಗೆ ಅಜ್ಜಿಯ ಬಾಯಲ್ಲಿ ಬರುವ ಒಂದು ಮಾತಾಗದಿದ್ದರೆ ಅದು ಈ ಮಗುವಿನ ಹತ್ತಿರ ಬರುವುದೇ ಇಲ್ಲ. ಹಾಗಾಗಿ ಮುಂದಿನ ಸಲ ಅಜ್ಜಿಯನ್ನೂ ಕರೆಸಿದೆ.

ಕೊಟ್ಟ ಸಲಹೆ ಹೀಗಿತ್ತು. ‘ಹೊಟ್ಟೆ ಹೆಂಗೈತೆ’ ಅಂತ ಯಾರೂ ಕೇಳುವುದು ಬೇಡ. ಅವಳೇ ಹೇಳಿದರೆ ಒಂದು ಸಲ ಪೂರ್ತಿ ಕೇಳಿ. “ಹೌದು ಪುಟ್ಟಿ, ನೋಯ್ತೈತೆ, ಗೊತ್ತು. ಬಾ, ಹೂ ಕಟ್ಟೋಣ” ಅಂತ ಹೇಳಿ ಕೆಲಸಕ್ಕೆ ಎಳೆದುಕೊಳ್ಳಿ. ಇಂಗು ಬಿಡುವುದು ಬೇಡ ಅಜ್ಜಿ, ಆದರೆ ನೋವು ಬಂದಾಗ ಹಚ್ಚಬೇಡಿ. ರಾತ್ರಿ ಮಲಗುವಾಗ ನೋವಿರಲಿ ಇಲ್ಲದಿರಲಿ ದಿನಾ ಹಚ್ಚಿ, ಕಥೆ ಹೇಳಿ. ಅಜ್ಜಿಗೆ ಇದು ತಕ್ಷಣ ಒಪ್ಪಿಗೆಯಾಯಿತು.

ಹುಡುಗಿಗೆ ಹೊಟ್ಟೆಯಿಂದ ಉಸಿರಾಡುವುದನ್ನು ಕಲಿಸಿದೆ. ಮಲಗಿ ಹೊಟ್ಟೆಯ ಮೇಲೆ ನೋಟ್‌ಬುಕ್ ಇಟ್ಟು, ಉಸಿರು ಎಳೆದಾಗ ಅದು ಮೇಲೆ ಬರಬೇಕು, ನಿಧಾನವಾಗಿ ಇಳಿಯಬೇಕು. ಹಾಸಿಗೆಯಲ್ಲಿ ಕಲಿತ ಮೇಲೆ ವ್ಯಾನಿನಲ್ಲಿ ಕೂತೂ ಮಾಡಬಹುದು.

ಶಾಲೆ ತಪ್ಪಿಸುವ ಹಾಗಿಲ್ಲ. ತೀರಾ ಆಗದ ದಿನ ಮಧ್ಯಾಹ್ನಕ್ಕಾದರೂ ಹೋಗಬೇಕು. ಮನೆಯಲ್ಲಿ ಉಳಿದರೆ ಮೊಬೈಲ್ ಇಲ್ಲ, ಟಿವಿ ಇಲ್ಲ, ಸುಮ್ನೆ ಮಲಗುವುದು ಅಷ್ಟೇ. ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದುಕೊಟ್ಟೆ. ನೋವು ಅಂದರೆ ಹತ್ತು ನಿಮಿಷ ಮಲಗಿಸಿ, ಮತ್ತೆ ಕ್ಲಾಸಿಗೆ ಕಳಿಸಿ, ಮನೆಗೆ ಫೋನ್ ಮಾಡಬೇಡಿ. ಚಿಲಕ ಹಾಕಿಸಿ. ಅಲ್ಲಿಯವರೆಗೆ ಒಬ್ಬ ಗೆಳತಿ ಬಾಗಿಲ ಹತ್ತಿರ ನಿಲ್ಲಲಿ.

ದಾವಣಗೆರೆಗೆ ಬರಲು ಒಂದು ದಿನದ ಗದ್ದೆ ಕೆಲಸ ಹೋಗುತ್ತದೆ. ತಿಂಗಳುಗಟ್ಟಲೆ ಬನ್ನಿ ಅನ್ನಲು ನನಗೆ ಮನಸ್ಸಿಲ್ಲ. ಪುಣ್ಯಕ್ಕೆ, ಅಮೆರಿಕದ ಸಂಶೋಧಕಿ ರೋನಾ ಲೆವಿ ಅವರ ತಂಡ 2010ರಲ್ಲಿ 200 ಮಕ್ಕಳು ಮತ್ತು ಅವರ ಹೆತ್ತವರ ಮೇಲೆ ಪರೀಕ್ಷಿಸಿ, ಇಂಥದ್ದೇ ತರಬೇತಿಯ ಬರೀ ಮೂರು ಭೇಟಿಗಳಿಂದ ನೋವು ಕಡಿಮೆಯಾಯಿತು ಎಂದು ತೋರಿಸಿದೆ. ನಾವೂ ಅಷ್ಟರಲ್ಲೇ ಮುಗಿಸಿದೆವು. ಉಳಿದದ್ದು ಫೋನಿನಲ್ಲಿ.

ಈಗ ಅವಳು ಶಾಲೆ ತಪ್ಪಿಸುವುದು ಅಪರೂಪ. ನೋವು ಪೂರ್ತಿ ಹೋಗಿಲ್ಲ, ಟೆಸ್ಟಿನ ದಿನ ಬರುತ್ತದೆ. ಚಿಲಕ ಬಂದಿದೆ. ಬಾಟಲ್ ಖಾಲಿಯಾಗಿ ಮನೆಗೆ ಬರುತ್ತಿದೆ ಅಂತ ಅಮ್ಮ ಖುಷಿಯಿಂದ ಹೇಳಿದರು.

ಇದನ್ನು ಓದಿ ಯಾರೂ ಮೊದಲು ನನ್ನಂಥವರ ಹತ್ತಿರ ಬರಬೇಡಿ. ಮೊದಲು ಮಕ್ಕಳ ಡಾಕ್ಟರು. ಮಗು ತೂಕ ಇಳಿದರೆ, ಬೆಳವಣಿಗೆ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮತ್ತೆ ಮತ್ತೆ ವಾಂತಿಯಾದರೆ, ಜ್ವರ ಬಿಡದಿದ್ದರೆ, ನೋವಿಗೆ ರಾತ್ರಿ ನಿದ್ದೆಯಿಂದ ಎದ್ದರೆ, ಅಥವಾ ನೋವು ಹೊಟ್ಟೆಯ ಬಲಗಡೆಗೆ ಸರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಈ ಹುಡುಗಿಯ ಅಮ್ಮನಿಗೂ ಇದನ್ನು ಬರೆದುಕೊಟ್ಟಿದ್ದೇನೆ. ಪರೀಕ್ಷೆಯೆಲ್ಲ ಸರಿಯಿದ್ದು, ಹತ್ತಿರದಲ್ಲಿ ಆಪ್ತಸಲಹೆ ಸಿಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.