ಬ್ರಾಡ್‌ಬ್ಯಾಂಡ್ ಬದಲಿಸೋಕೆ ಮುಲಾಜು ಬೇಡ, ತಮ್ಮಾ

ತಮ್ಮಾ,

ನಿನ್ನ ಮೆಸೇಜ್ ಬಂದಾಗ ನಾನು ಬಳ್ಳಾರಿಯಲ್ಲಿ, ಅಮ್ಮನ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ರಜೆ ಇನ್ನೂ ಹತ್ತು ದಿನ ಇದೆ. ಇಂಗ್ಲೆಂಡಿನ ಲೀಡ್ಸ್‌ಗೆ ವಾಪಸ್ ಬಂದ ಮೇಲೆ ಫೋನಿನಲ್ಲಿ ಮಾತಾಡೋಣ ಅಂದುಕೊಂಡೆ. ಆದರೆ ನಿನ್ನ ತಾರೀಕು ಹತ್ತಿರ ಇದೆ. ಅದಕ್ಕೆ ಇಲ್ಲಿಂದಲೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು. ಲೀಡ್ಸ್‌ಗೆ ಬಂದು ವರ್ಷ ಆಗುತ್ತಾ ಬಂತು. ಬಂದ ಹೊಸದರಲ್ಲಿ ಮಾಡಿಕೊಂಡ 12 ತಿಂಗಳ ಬ್ರಾಡ್‌ಬ್ಯಾಂಡ್ ಒಪ್ಪಂದ ಜನವರಿ 21ಕ್ಕೆ ಮುಗಿಯುತ್ತದೆ. ಈಗ ತಿಂಗಳಿಗೆ 27 ಪೌಂಡ್ ಕಟ್ಟುತ್ತಿದ್ದೀಯ. ಸುಮ್ಮನಿದ್ದರೆ 41 ಆಗುತ್ತದೆ ಅಂತ ಕಂಪನಿಯಿಂದ ಇಮೇಲ್ ಬಂದಿದೆ. ಅವರ ಹತ್ತಿರವೇ ಮತ್ತೆ 24 ತಿಂಗಳಿಗೆ ಒಪ್ಪಿಕೊಳ್ಳಬೇಕಾ, ಬೇರೆಯವರ ಹತ್ತಿರ ಹೋಗಬೇಕಾ? ಹೋದರೆ ನಡುವೆ ಎಷ್ಟು ದಿನ ನೆಟ್ ಇರಲ್ಲ? ನಿನ್ನ ಹೆಂಡತಿ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಕೊಪ್ಪಳದಲ್ಲಿ ನಿಮ್ಮಮ್ಮ ದಿನಾ ವಿಡಿಯೋ ಕಾಲ್‌ಗೆ ಕಾಯುತ್ತಾರೆ. ಕೊನೆಗೆ ಒಂದು ಮಾತು ಬರೆದಿದ್ದೀಯ: "ವರ್ಷವೆಲ್ಲ ಏನೂ ತೊಂದರೆ ಕೊಟ್ಟಿಲ್ಲ ಅಕ್ಕಾ, ಬಿಟ್ಟು ಹೋಗೋಕೆ ಒಂಥರಾ ಅನ್ನಿಸುತ್ತೆ."

ಆ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನನ್ನನ್ನೂ ಅದೇ ಕಟ್ಟಿಹಾಕಿತ್ತು.

ಇಲ್ಲಿ ಅಮ್ಮನ ಮನೆಗೆ ನೆಟ್ ಕೊಟ್ಟವನು ನಮ್ಮ ಓಣಿಯ ಹುಡುಗ. ಮೊನ್ನೆ ಮಂಗ ವೈರು ಹರಿದುಹಾಕಿತು. ಅಮ್ಮ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದ. ಏಣಿ ಹಾಕಿ ಕಂಬ ಹತ್ತಿದ, ಜೋಡಿಸಿದ, ಒಳಗೆ ಬಂದು ಮಜ್ಜಿಗೆ ಕುಡಿದ. "ಸಂಜೀತನಕ ನೋಡ್ರಿ ಅಮ್ಮಾ, ಮತ್ತ ಹೋದ್ರ ಫೋನ್ ಹಚ್ರಿ" ಅಂತ ಹೇಳಿ ಹೋದ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎರಡು ತಿಂಗಳ ದುಡ್ಡು ಬಾಕಿ ಉಳಿದಿತ್ತು. ಅವನು ಕೇಳಲೇ ಇಲ್ಲ, ಲೈನನ್ನೂ ಕತ್ತರಿಸಲಿಲ್ಲ. ನೂರು ರೂಪಾಯಿ ಕಡಿಮೆಗೆ ಕೊಡುತ್ತೇವೆ ಅಂತ ಯಾರೋ ಬಂದರೆ ಅಮ್ಮ ಬಾಗಿಲಲ್ಲೇ ಬೇಡ ಅಂದು ಕಳಿಸುತ್ತಾಳೆ. ಸರಿಯಾಗೇ ಮಾಡುತ್ತಾಳೆ. ಇಲ್ಲಿ ಮುಲಾಜಿಗೆ ಅರ್ಥ ಇದೆ. ಎರಡೂ ಕಡೆಯಿಂದ ನಡೆಯುವ ಮುಲಾಜು ಅದು.

ಲೀಡ್ಸ್‌ನ ಕಂಪನಿಗೆ ನಿನ್ನ ಮುಖ ಗೊತ್ತಿಲ್ಲ. ಅಲ್ಲಿ ಕಡಿಮೆ ದರ ಸಿಗುವುದು ಹೊಸ ಗಿರಾಕಿಗೆ. ಹಳೆ ಗಿರಾಕಿ ಬಾಯಿ ಬಿಡದಿದ್ದರೆ ದರ ಏರುತ್ತದೆ. ಇದು ತಿಳಿಯೋಕೆ ನನಗೆ ಬಹಳ ದಿನ ಹಿಡಿಯಿತು. ನಾನು ಅಲ್ಲಿಗೆ ಹೋದದ್ದು 2012ರಲ್ಲಿ. ಒಪ್ಪಂದದ ಅವಧಿ ಯಾವಾಗಲೋ ಮುಗಿದಿತ್ತು, ಬಿಲ್ಲು ತಿಂಗಳಿಗೆ 12 ಪೌಂಡ್ ಜಾಸ್ತಿ ಆಗಿತ್ತು. ದುಡ್ಡು ಬ್ಯಾಂಕಿನಿಂದ ತಾನಾಗಿಯೇ ಹೋಗುತ್ತಿತ್ತು. ನಾನು ನೋಡಲೇ ಇಲ್ಲ. ಎರಡೂವರೆ ವರ್ಷ ಹಾಗೇ ನಡೆಯಿತು. ಲೆಕ್ಕ ಹಾಕಿದರೆ 360 ಪೌಂಡ್. ಆಗ ಪೌಂಡಿಗೆ ಹೆಚ್ಚು ಕಡಿಮೆ ನೂರು ರೂಪಾಯಿ. ಆ ದುಡ್ಡಲ್ಲಿ ಅಮ್ಮನಿಗೆ ಒಳ್ಳೆಯ ಫ್ರಿಜ್ ಬರುತ್ತಿತ್ತು ಅಂತ ಇವತ್ತಿಗೂ ಸಂಕಟ ಆಗುತ್ತದೆ.

ಆಗ ಈಗಿನ ಹಾಗೆ ಮೊದಲೇ ತಿಳಿಸುವ ನಿಯಮ ಇರಲಿಲ್ಲ. ಫೋನ್, ನೆಟ್ ಕಂಪನಿಗಳ ಮೇಲೆ ಕಣ್ಣಿಡೋಕೆ ನಮ್ಮಲ್ಲಿ ಟ್ರಾಯ್ ಇದ್ದ ಹಾಗೆ ಅಲ್ಲಿ ಆಫ್‌ಕಾಮ್. 2020ರ ಫೆಬ್ರವರಿಯಿಂದ ಅವರು ಕಡ್ಡಾಯ ಮಾಡಿದರು. ಒಪ್ಪಂದ ಮುಗಿಯುವ 10ರಿಂದ 40 ದಿನ ಮೊದಲು ಕಂಪನಿ ನಿನಗೆ ತಿಳಿಸಲೇಬೇಕು. ಯಾವ ದಿನ ಮುಗಿಯುತ್ತದೆ, ಈಗಿನ ದರ ಎಷ್ಟು, ಆಮೇಲೆ ಎಷ್ಟು, ಅವರ ಹತ್ತಿರ ಇರುವ ಒಳ್ಳೆಯ ದರಗಳು ಯಾವುವು, ಎಲ್ಲ ಅದರಲ್ಲಿ ಇರಬೇಕು. ನಿನಗೆ ಬಂದಿದ್ದು ಅದೇ. ಅದನ್ನು ಜಾಹೀರಾತು ಅಂತ ಡಿಲೀಟ್ ಮಾಡಬೇಡ, ಎತ್ತಿಟ್ಟುಕೋ. ಮುಗಿಯುವ ತಾರೀಕು ಬರಹದಲ್ಲಿ ಇರುವುದು ಅಲ್ಲೇ.

ಇನ್ನು ನಡುವೆ ನೆಟ್ ಹೋಗುವ ಭಯ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ, ನಾನು ಅನುಭವಿಸಿದ್ದೇನೆ. 2017ರಲ್ಲಿ ಕೊನೆಗೂ ಬದಲಿಸಲು ಹೊರಟೆ. ಆಗ ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಹೋಗಬೇಕಾದರೆ ಹಳೆಯದನ್ನು ನಾವೇ ಫೋನ್ ಮಾಡಿ ನಿಲ್ಲಿಸಬೇಕಿತ್ತು. ನಾನು ಮೊದಲು ಹಳೆಯದನ್ನು ನಿಲ್ಲಿಸಿಬಿಟ್ಟೆ. ಹೊಸಬರ ಕೆಲಸಗಾರ ಹೇಳಿದ ದಿನ ಬರಲಿಲ್ಲ, ಮುಂದಿನ ದಿನವನ್ನೂ ಮುಂದೂಡಿದರು. ಹನ್ನೊಂದು ದಿನ ಮನೆಯಲ್ಲಿ ನೆಟ್ ಇಲ್ಲ. ಅದೇ ಹನ್ನೊಂದು ದಿನದಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದರು. ನನ್ನ ಮೊಬೈಲ್ ಡೇಟಾ ಎರಡೇ ದಿನಕ್ಕೆ ಮುಗಿಯಿತು. ಅಪ್ಪನ ಮುಖ ನೋಡೋಕೆ ಗೆಳತಿಯ ಮನೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹಾಸಿಗೆಯ ಪಕ್ಕ ಫೋನ್ ಹಿಡಿದು ನನ್ನ ಒಡಹುಟ್ಟಿದ ತಮ್ಮ ಕಾಯುತ್ತಿದ್ದ. ಬಸ್ ತಡ ಆದರೆ ಅಪ್ಪ ನಿದ್ದೆ ಹೋಗಿರುತ್ತಿದ್ದರು. ಆಮೇಲೆ ಹುಷಾರಾಗಿ ಮನೆಗೆ ಬಂದರು, ದೇವರು ದೊಡ್ಡವನು. ಆದರೆ ಅದಾದ ಮೇಲೆ ತುಂಬಾ ವರ್ಷ ಬದಲಿಸುವ ಮಾತೇ ಎತ್ತಲಿಲ್ಲ ನಾನು.

ಈಗ ಹಾಗಿಲ್ಲ ಅಂತ ನಿನಗೆ ಧೈರ್ಯವಾಗಿ ಹೇಳುತ್ತೇನೆ. 2024ರ ಸೆಪ್ಟೆಂಬರ್ 12ರಿಂದ ಒನ್ ಟಚ್ ಸ್ವಿಚ್ ಅನ್ನುವ ಪದ್ಧತಿ ಬಂದಿದೆ. ನಮ್ಮ ಊರಲ್ಲಿ ಮೊಬೈಲ್ ನಂಬರ್ ಪೋರ್ಟ್ ಮಾಡಬೇಕಾದರೆ 1900ಕ್ಕೆ ಮೆಸೇಜ್ ಕಳಿಸಿ ಕೋಡ್ ತಗೊಳ್ಳುತ್ತೇವಲ್ಲ, ಇದಕ್ಕೆ ಅಷ್ಟೂ ಬೇಡ. ಹೊಸ ಕಂಪನಿಯ ಜೊತೆ ಮಾತ್ರ ಮಾತಾಡು. ನಿನ್ನ ಹೆಸರು, ವಿಳಾಸ, ಈಗಿನ ಕಂಪನಿ ಯಾವುದು ಅಂತ ಹೇಳು. ಅವರು ಹಳೆಯವರನ್ನು ತಾವೇ ಸಂಪರ್ಕಿಸುತ್ತಾರೆ. ಹಳೆ ಕಂಪನಿಯಿಂದ ನಿನಗೆ ಒಂದು ಮಾಹಿತಿ ಬರುತ್ತದೆ. ಈಗ ಬಿಟ್ಟರೆ ದಂಡ ಏನಾದರೂ ಇದೆಯಾ, ಜೊತೆಗೆ ತಗೊಂಡ ಟಿವಿ ಅಥವಾ ಫೋನ್ ಏನಾಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಓದಿ, ಸರಿ ಅನ್ನಿಸಿದರೆ ಹೊಸಬರಿಗೆ ಒಪ್ಪಿಗೆ ಕೊಡು. ಹೊಸ ಲೈನ್ ಶುರುವಾದಾಗ ಹಳೆಯದು ನಿಲ್ಲುತ್ತದೆ. ಬದಲಾದ ದಿನದ ಆಚೆಗೆ ನೋಟಿಸ್ ಅವಧಿ ಅಂತ ಹಳೆಯವರು ದುಡ್ಡು ಕೇಳುವ ಹಾಗಿಲ್ಲ.

ಒಂದೇ ಒಂದು ಕೆಲಸ ಮಾಡಬೇಡ. ಹಳೆಯದನ್ನು ನೀನಾಗಿ ಫೋನ್ ಮಾಡಿ ನಿಲ್ಲಿಸಬೇಡ. ಎಷ್ಟು ಬೇಜಾರಾದರೂ ಮುಟ್ಟಬೇಡ.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ತೊಡಕು ಆಗುತ್ತದೆ, ಗಮನ ಇಟ್ಟು ಓದು. ಹೊಸ ಕಂಪನಿ ಕೇಳುವಾಗ ನಿನ್ನ ಕೊನೆಯ ಹೆಸರೂ ವಿಳಾಸವೂ ಹಳೆ ಕಂಪನಿಯ ದಾಖಲೆಗೆ ಹೊಂದಬೇಕು. ನಮಗೆಲ್ಲ ಹೆಸರಿನ ಪಾಡು ಗೊತ್ತಲ್ವಾ? ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ, ಬ್ಯಾಂಕಿನಲ್ಲಿ ಇನಿಶಿಯಲ್ ಮುಂದೆ, ಕೆಲಸದಲ್ಲಿ ಮನೆತನದ ಹೆಸರು. ನಿನ್ನ ಹೆಸರಿನ ಕೊನೆಯ "ಪ್ಪ"ಗೆ ಒಂದು ಕಡೆ ಒಂದು ಪಿ, ಇನ್ನೊಂದು ಕಡೆ ಎರಡು ಪಿ. ಯಾವುದು ಸರಿ ಅಂತ ಈಗ ಯೋಚಿಸಬೇಡ. ಹಳೆ ಬಿಲ್ಲಿನಲ್ಲಿ ಹೇಗಿದೆಯೋ ಹಾಗೇ ಹೇಳು, ತಪ್ಪಿದ್ದರೆ ತಪ್ಪನ್ನೇ ಹೇಳು. ಬಿಲ್ಲು ಹೆಂಡತಿಯ ಹೆಸರಲ್ಲಿದ್ದರೆ ಅವಳ ಹೆಸರಲ್ಲೇ ಕೇಳು. ಫ್ಲ್ಯಾಟ್ ನಂಬರೂ ಅಷ್ಟೇ. ಖಾತೆ ಸಂಖ್ಯೆ ಕೈಯಲ್ಲಿ ಇಟ್ಟುಕೋ. ನಮ್ಮ ಗುಂಪಿನಲ್ಲಿ ರಾಯಚೂರಿನ ಒಬ್ಬ ಹುಡುಗನಿಗೆ "ನಿಮ್ಮ ಹಳೆ ಲೈನ್ ಸಿಗುತ್ತಿಲ್ಲ" ಅಂತ ಎರಡು ಸಲ ವಾಪಸ್ ಬಂತು. ಬಿಲ್ಲು ತೆಗೆದು ನೋಡಿದರೆ ಊರಿನ ಹೆಸರು ಸರ್‌ನೇಮ್ ಆಗಿ ಕೂತಿತ್ತು. ಅದನ್ನೇ ಕೊಟ್ಟ, ಕೆಲಸ ಆಯಿತು.

ಬದಲಾಗುವ ದಿನ ಯಾವುದು ಅಂತ ಹೊಸಬರ ಹತ್ತಿರ ಗಟ್ಟಿಯಾಗಿ ಹೇಳು. ಜನವರಿ 21ಕ್ಕಿಂತ ಮೊದಲು ಬೇಡ. ಮೊದಲಾದರೆ ಉಳಿದ ದಿನಗಳಿಗೆ ದಂಡ ಕಟ್ಟಬೇಕಾಗಬಹುದು. ಒಪ್ಪಂದ ಮಾಡಿಕೊಳ್ಳುವುದು ಮಾತ್ರ ಈಗಲೇ ಒಳ್ಳೆಯದು, ಕೆಲಸಗಾರ ಬರಬೇಕಾದರೆ ಸರದಿ ಇರುತ್ತದೆ. ಹೇಳಿದ ದಿನಕ್ಕೆ ಲೈನ್ ಕೊಡದಿದ್ದರೆ, ಕೆಲಸಗಾರ ಕೈಕೊಟ್ಟರೆ, ತಾನಾಗಿಯೇ ಪರಿಹಾರ ಕೊಡುವ ಒಂದು ಯೋಜನೆ 2019ರಿಂದ ಇದೆ. ಎಲ್ಲ ಕಂಪನಿಗಳೂ ಅದರಲ್ಲಿ ಸೇರಿಲ್ಲ. ನೀನು ಆರಿಸುವ ಕಂಪನಿ ಸೇರಿದೆಯಾ ಅಂತ ಮೊದಲೇ ನೋಡಿಕೋ. ನನಗೆ ಆ ಹನ್ನೊಂದು ದಿನಕ್ಕೆ ಒಂದು ಕ್ಷಮೆಯ ಪತ್ರ ಬಂತು, ಅಷ್ಟೇ.

ಈಗಿನ ಕಂಪನಿಯಲ್ಲೇ ಉಳಿಯಬಹುದಾ? ಉಳಿಯಬಹುದು, ಆದರೆ ಅವರು ಇಮೇಲಿನಲ್ಲಿ ಬರೆದ ದರಕ್ಕೆ ಬೇಡ. ಬೇರೆ ಇಬ್ಬರ ದರ ಬರೆದುಕೊಂಡು ಫೋನ್ ಮಾಡು. ಬಿಟ್ಟು ಹೋಗುತ್ತಿದ್ದೇನೆ ಅಂತ ಹೇಳು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಸೀರೆ ಪಕ್ಕಕ್ಕಿಟ್ಟು ಎದ್ದು ನಿಂತರೆ "ಕೂಡ್ರಿ ಅಕ್ಕಾರ, ಎಷ್ಟಕ್ಕ ತಗೊಂತೀರಿ ಹೇಳ್ರಿ" ಅನ್ನುತ್ತಾರಲ್ಲ, ಆ ಗಳಿಗೆ ಅಲ್ಲೂ ಬರುತ್ತದೆ. ಸಂಕೋಚ ಪಡಬೇಡ. ಅಲ್ಲಿನವರೂ ಎಲ್ಲರೂ ಹೀಗೇ ಕೇಳುತ್ತಾರೆ. ಹೊಸಬರ ದರಕ್ಕೆ ಇಳಿಸಿದರೆ ಅಲ್ಲೇ ಇರು, ತೊಂದರೆಯೂ ಇಲ್ಲ. ಇಳಿಸದಿದ್ದರೆ ನಮಸ್ಕಾರ ಹೇಳಿ ಫೋನ್ ಇಡು.

24 ತಿಂಗಳಿಗೆ ಒಪ್ಪಿಕೊಳ್ಳುವುದು ನಿನ್ನ ಮಟ್ಟಿಗೆ ನನಗೆ ಇಷ್ಟ ಇಲ್ಲ. ದರ ಸ್ವಲ್ಪ ಕಡಿಮೆ ಇರಬಹುದು. ಆದರೆ ನಿನ್ನ ವೀಸಾ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಮ್ಯಾಂಚೆಸ್ಟರಿಗೆ ಹೋದರೆ ನೀನೂ ಹೋಗಬೇಕು, ಬಾಡಿಗೆ ಮನೆಯೂ ನಿನ್ನದಲ್ಲ. ಮಧ್ಯದಲ್ಲಿ ಬಿಟ್ಟರೆ ದಂಡ ನಿನ್ನ ತಲೆ ಮೇಲೆ. ಇನ್ನೊಂದು ವರ್ಷಕ್ಕೆ 12 ತಿಂಗಳದ್ದೇ ಹುಡುಕು. ಎಲ್ಲಿರುತ್ತೀಯ ಅಂತ ಒಂದಿಷ್ಟೂ ಖಾತ್ರಿ ಇಲ್ಲದಿದ್ದರೆ 30 ದಿನದ ಒಪ್ಪಂದಗಳೂ ಸಿಗುತ್ತವೆ, ಸ್ವಲ್ಪ ದುಬಾರಿ.

ದರದಲ್ಲಿ ಇನ್ನೊಂದು ನೋಡು. ಒಪ್ಪಂದದ ಮಧ್ಯದಲ್ಲೇ ಏರಿಸುವುದು ಅಲ್ಲಿ ರೂಢಿ. ಮೊದಲು ಕೆಲವು ಕಂಪನಿಗಳು ಬೆಲೆಯೇರಿಕೆಯ ಪ್ರಮಾಣಕ್ಕೆ ಇನ್ನೂ ಶೇ 3.9 ಸೇರಿಸಿ ಏರಿಸುತ್ತಿದ್ದವು. 2023ರಲ್ಲಿ ಅದು ಶೇ 14.4 ಆಯಿತು, ಜನ ಕಂಗಾಲಾದರು. 2025ರ ಜನವರಿ 17ರ ನಂತರದ ಹೊಸ ಒಪ್ಪಂದಗಳಲ್ಲಿ ಹಾಗೆ ಮಾಡುವಂತಿಲ್ಲ. ಎಷ್ಟು ಏರುತ್ತದೆ, ಯಾವಾಗ ಏರುತ್ತದೆ ಅಂತ ಪೌಂಡ್ ಮತ್ತು ಪೆನ್ಸ್ ಲೆಕ್ಕದಲ್ಲೇ ಮೊದಲೇ ಬರೆದು ಕೊಡಬೇಕು. ಹಾಗಾಗಿ ಮೊದಲ ತಿಂಗಳ ದರ ನೋಡಿ ಮರುಳಾಗಬೇಡ. ಹನ್ನೆರಡೂ ತಿಂಗಳು ಕೂಡಿಸು, ಶುರುವಿನ ಖರ್ಚು ಸೇರಿಸು, ಆಮೇಲೆ ಹೋಲಿಸು.

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. 900 ಎಂಬಿಪಿಎಸ್ ತಗೊಳ್ಳಿ ಅಂತ ಒತ್ತಾಯ ಮಾಡುತ್ತಾರೆ. ಒಂದು ಒಳ್ಳೆಯ ವಿಡಿಯೋ ಕಾಲ್‌ಗೆ ಐದು ಎಂಬಿಪಿಎಸ್ ಸಾಕು. ನೀವಿಬ್ಬರು, ಒಂದು ಟಿವಿ. 100 ಇದ್ದರೆ ಧಾರಾಳ ಆಯಿತು.

ಮನೆ ಮಾಲೀಕರನ್ನು ಮಾತ್ರ ಮೊದಲು ಕೇಳು. ಬೇರೆ ಬೇರೆ ಹೆಸರಿನ ಹಲವು ಕಂಪನಿಗಳು ಓಪನ್‌ರೀಚ್ ಅನ್ನುವ ಒಂದೇ ಜಾಲದ ಮೇಲೆ ನಡೆಯುತ್ತವೆ. ನಿನ್ನ ಹಳೆ ಲೈನೂ ಹೊಸ ಲೈನೂ ಅದರದ್ದೇ ಆದರೆ ಎಷ್ಟೋ ಸಲ ಮನೆಗೆ ಯಾರೂ ಬರಬೇಕಾಗಿಲ್ಲ. ಹೊಸ ಫೈಬರ್ ಎಳೆಯಬೇಕಾದರೆ ಗೋಡೆಗೆ ತೂತು ಹೊಡೆಯುತ್ತಾರೆ. ಬಾಡಿಗೆ ಮನೆಯಲ್ಲಿ ಅದಕ್ಕೆ ಬರಹದಲ್ಲಿ ಒಪ್ಪಿಗೆ ಬೇಕು, ಇಲ್ಲದಿದ್ದರೆ ಮನೆ ಬಿಡುವಾಗ ಠೇವಣಿಯಲ್ಲಿ ಹಿಡಿದುಕೊಳ್ಳುತ್ತಾರೆ.

ಬದಲಾದ ಮೇಲೆ ಖುಷಿಯಲ್ಲಿ ಹಳೆ ಕಂಪನಿಯ ಡೈರೆಕ್ಟ್ ಡೆಬಿಟ್, ಅಂದರೆ ಬ್ಯಾಂಕಿನಿಂದ ದುಡ್ಡು ತಾನಾಗಿಯೇ ಹೋಗುವ ಏರ್ಪಾಡು, ತಕ್ಷಣ ರದ್ದು ಮಾಡಬೇಡ. ಕೊನೆಯ ಬಿಲ್ಲು ಬರಲಿ. ಅದು ಕಟ್ಟದೆ ಉಳಿದು ನಿನ್ನ ಸಾಲ, ಬಾಕಿಗಳ ದಾಖಲೆಯಾದ ಕ್ರೆಡಿಟ್ ಫೈಲಿನಲ್ಲಿ ಸೇರಿದರೆ ಆರು ವರ್ಷ ಅಲ್ಲೇ ಇರುತ್ತದೆ. ನೀನು ಹೊಸಬ, ನಿನ್ನ ಫೈಲ್ ಈಗಷ್ಟೇ ಶುರುವಾಗಿದೆ. ನಾಳೆ ಮನೆ ಸಾಲಕ್ಕೆ ಹೋದಾಗ ಅದನ್ನೇ ತೆಗೆದು ನೋಡುತ್ತಾರೆ. ಹಳೆ ರೂಟರ್ ವಾಪಸ್ ಕಳಿಸು ಅಂದರೆ ಅಂಚೆ ಕಚೇರಿಗೆ ಹೋಗಿ ಕೊಟ್ಟು, ರಸೀದಿ ಇಟ್ಟುಕೋ. ಹೊಸ ರೂಟರಿಗೆ ಹಳೆ ವೈಫೈ ಹೆಸರು, ಹಳೆ ಪಾಸ್‌ವರ್ಡ್ ಅನ್ನೇ ಹಾಕು. ಟಿವಿ, ಫೋನ್, ಹೆಂಡತಿಯ ಲ್ಯಾಪ್‌ಟಾಪ್ ಬಹುಪಾಲು ತಾವಾಗಿಯೇ ಸೇರಿಕೊಳ್ಳುತ್ತವೆ. ಮನಸ್ಸು ಬದಲಾದರೆ ಒಪ್ಪಂದ ಮಾಡಿದ 14 ದಿನದೊಳಗೆ ಬೇಡ ಅನ್ನುವ ಹಕ್ಕೂ ಇದೆ.

ಇನ್ನು ತಾರೀಕಿನ ಮಾತು. ಈ ಸಲ ಕೊಪ್ಪಳದ ಗವಿಮಠದ ತೇರು ಅದೇ ವಾರ ಬರುತ್ತದೆ, ಅಮ್ಮ ಜನರ ನಡುವೆ ನಿಂತು ಫೋನಿನಲ್ಲಿ ತೋರಿಸುತ್ತೇನೆ ಅಂದಿದ್ದಾರೆ ಅಂತ ನೀನೇ ಬರೆದಿದ್ದೀಯ. ಇಲ್ಲಿ ಸಂಜೆ ತೇರು ಎಳೆಯುವ ಹೊತ್ತಿಗೆ ಅಲ್ಲಿ ಲೀಡ್ಸ್‌ನಲ್ಲಿ ನಡು ಮಧ್ಯಾಹ್ನ. ಲೈನ್ ಬದಲಿಸುವ ಕೆಲಸ ನಡೆಯುವುದೂ ಅದೇ ಹೊತ್ತಿಗೆ. ಆ ವಾರ ಬೇಡ. ತೇರು ಮುಗಿದ ಮೇಲಿನ ಸೋಮವಾರ ಕೊಡಿ ಅಂತ ಕೇಳು. ನಾಲ್ಕೈದು ದಿನ ಜಾಸ್ತಿ ದರ ಬಿದ್ದರೆ ಬೀಳಲಿ. ನಿಮ್ಮಮ್ಮ ಫೋನ್ ಎತ್ತಿ ಹಿಡಿದಾಗ ಆ ಕಡೆ ನೀನು ಕಾಣಬೇಕು.

ಹಳೆ ಬಿಲ್ಲಿನ ಫೋಟೋ ನನಗೆ ಕಳಿಸು. ಹೆಸರು ಹೇಗೆ ಬರೆದಿದ್ದಾರೆ ಅಂತ ನಾನೂ ಒಂದು ಸಲ ನೋಡುತ್ತೇನೆ.

ನಿನ್ನ ಅಕ್ಕ