24 ಇಂಚಿನ ಐಪಿಎಸ್ಸೋ, 27 ಇಂಚಿನ ವಿಎಯೋ? ಮಾನಿಟರ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರದ ಕೆಲಸವೇ ಹೆಚ್ಚು. ಹಳೆಯ ಮಾನಿಟರ್ ಕೈಕೊಟ್ಟಿದೆ. ಎಂಟೂವರೆ ಸಾವಿರಕ್ಕೆ 24 ಇಂಚಿನ ಐಪಿಎಸ್, ಹತ್ತು ಸಾವಿರಕ್ಕೆ 27 ಇಂಚಿನ ವಿಎ ಸಿಗುತ್ತಿದೆ. ಎರಡೂ ಫುಲ್ ಎಚ್‌ಡಿ. ದೊಡ್ಡದನ್ನೇ ತರೋಣ ಅಂದುಕೊಂಡಿದ್ದೇವೆ. ಸರಿಯೇನ್ರಿ?

ಉತ್ತರ: ಬೇಡ, 24 ಇಂಚಿನ ಐಪಿಎಸ್ ತನ್ನಿ. (ಐಪಿಎಸ್, ವಿಎ ಎಂಬವು ಮಾನಿಟರಿನ ಪರದೆಯ, ಅಂದರೆ ಪ್ಯಾನೆಲ್ಲಿನ, ಎರಡು ಬಗೆ.) ಫುಲ್ ಎಚ್‌ಡಿ ಎಂದರೆ 1920 × 1080 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕಿ). ಪರದೆ ದೊಡ್ಡದಾದರೂ ಪಿಕ್ಸೆಲ್ ಅಷ್ಟೇ, ಹಾಗಾಗಿ ಅವು ದಪ್ಪವಾಗುತ್ತವೆ: 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92, 27ರಲ್ಲಿ 82 ಮಾತ್ರ. ಪತ್ರಿಕೆಯನ್ನು ನಿಜಗಾತ್ರದಲ್ಲಿಟ್ಟು ನೋಡಿದರೆ 10 ಪಾಯಿಂಟಿನ ಅಕ್ಷರಕ್ಕೆ ಮೊದಲನೆಯದರಲ್ಲಿ ಸುಮಾರು 13 ಪಿಕ್ಸೆಲ್ ಎತ್ತರ ಸಿಗುತ್ತದೆ, ಎರಡನೆಯದರಲ್ಲಿ 11. ‘ಶಾಸ್ತ್ರಿ’, ‘ರಾಷ್ಟ್ರ’ ಎಂದು ಬರೆದಾಗ ಎರಡೆರಡು ಒತ್ತು ಕೂಡ ಅಷ್ಟರೊಳಗೇ ಕೂರಬೇಕು. ಇಂಗ್ಲಿಷಿಗೆ ನಡೆಯುವ ಪರದೆ ಕನ್ನಡದ ಪ್ರೂಫ್ ನೋಡಲು ಸಾಲದೆ ಹೋಗುವುದು ಇಲ್ಲೇ. 27 ಇಂಚೇ ಬೇಕೆಂದರೆ 2560 × 1440ರ ಕ್ಯುಎಚ್‌ಡಿ ನೋಡಿ: ಇಂಚಿಗೆ 109 ಪಿಕ್ಸೆಲ್, ಬೆಲೆ ಸುಮಾರು 15ರಿಂದ 20 ಸಾವಿರ.

ಬಣ್ಣದ ವಿಷಯಕ್ಕೆ ಬಂದರೆ ವಿಎ ನಿಮ್ಮ ಅಂಗಡಿಗೆ ಒಗ್ಗುವುದಿಲ್ಲ. ಡಬ್ಬಿಯ ಮೇಲೆ ಎರಡಕ್ಕೂ ನೋಟದ ಕೋನ 178 ಡಿಗ್ರಿ ಎಂದೇ ಬರೆದಿರುತ್ತದೆ. ಆದರೆ ವಿಎಯಲ್ಲಿ ಓರೆಯಿಂದ ನೋಡಿದಾಗ ಗಾಢ ಬಣ್ಣ ಮಸುಕಾಗುತ್ತದೆ. ಎದುರಿಗೆ ಕುಳಿತ ನಿಮಗೆ ಮರೂನ್ ಆಗಿ ಕಾಣುವುದು, ಹೆಗಲ ಪಕ್ಕ ನಿಂತ ಗಿರಾಕಿಗೆ ತಿಳಿಯಾಗಿ ಕಾಣುತ್ತದೆ; ಅಲ್ಲಿಂದಲೇ ತಕರಾರು ಶುರು. ವಿಎಯ ಹೆಚ್ಚುಗಾರಿಕೆ ಕಪ್ಪಿನಲ್ಲಿದೆ. ಅದರ ಕಾಂಟ್ರಾಸ್ಟ್ (ಬಿಳಿ, ಕಪ್ಪಿನ ಪ್ರಖರತೆಯ ಅನುಪಾತ) ಸುಮಾರು 3000:1, ಸಾಮಾನ್ಯ ಐಪಿಎಸ್‌ನದು 1000:1. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಅದು ಚೆನ್ನ.

ಐಪಿಎಸ್ ಎಂದಾಕ್ಷಣ ಕಣ್ಣುಮುಚ್ಚಿ ಒಪ್ಪಬೇಡಿ. ವಿವರದಲ್ಲಿ ‘ಎಸ್‌ಆರ್‌ಜಿಬಿ 99%’ ಅಥವಾ ಹೆಚ್ಚುಕಡಿಮೆ ಅದಕ್ಕೆ ಸಮವಾದ ‘ಎನ್‌ಟಿಎಸ್‌ಸಿ 72%’ ಎಂದಿರಲಿ; ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದರ ಅಳತೆಗಳಿವು. ‘ಎನ್‌ಟಿಎಸ್‌ಸಿ 45%’ ಎಂದಿದ್ದರೆ ಕುಂಕುಮ ಬಣ್ಣವೂ ಇಟ್ಟಿಗೆಯಂತೆ ಕಾಣುತ್ತದೆ. ಮನೆಗೆ ತಂದ ಮೇಲೆ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ (ಇಲ್ಲದಿದ್ದರೆ ಬಣ್ಣದ ತಾಪಮಾನ 6500ಕೆ) ಆರಿಸಿ, ಪಕ್ಕದಲ್ಲಿ ಹಿಡಿದ ಬಿಳಿ ಹಾಳೆಗೆ ಪರದೆಯ ಬಿಳುಪು ಸರಿಹೊಂದುವವರೆಗೆ ಬ್ರೈಟ್‌ನೆಸ್ ಇಳಿಸಿ. ಕಾರ್ಖಾನೆಯ ಸೆಟ್ಟಿಂಗ್ ಅತಿ ಪ್ರಖರ, ಅದಕ್ಕೇ ಮುದ್ರಣ ಕಪ್ಪಿಟ್ಟಂತೆ ಅನಿಸುವುದು. ಇಷ್ಟಾದರೂ ಪರದೆಯದು ಬೆಳಕಿನ ಬಣ್ಣ, ಪ್ರೆಸ್ಸಿನದು ನಾಲ್ಕು ಶಾಯಿಯ ಬಣ್ಣ. ದುಬಾರಿ ಕೆಲಸಕ್ಕೆ ಒಂದು ಪ್ರತಿ ಮುದ್ರಿಸಿ ತೋರಿಸುವುದನ್ನು ತಪ್ಪಿಸಬೇಡಿ.

ಪ್ರಶ್ನೆ: ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಗೇಮ್‌ಗೆಂದು 144 ಹರ್ಟ್ಸ್‌ನ ಬಾಗಿದ ವಿಎ ಮಾನಿಟರ್ ಕೊಂಡೆ. ಕತ್ತಲ ದೃಶ್ಯದಲ್ಲಿ ವಸ್ತುಗಳ ಹಿಂದೆ ಕಪ್ಪು ಬಾಲ ಕಾಣುತ್ತದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಪ್ಯಾನೆಲ್ಲಿನ ಗುಣವೇ ಅದು. 144 ಹರ್ಟ್ಸ್ ಎಂದರೆ ಸೆಕೆಂಡಿಗೆ 144 ಚಿತ್ರ, ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 7 ಮಿಲಿಸೆಕೆಂಡ್. ಅಗ್ಗದ ವಿಎಯ ಪಿಕ್ಸೆಲ್‌ಗಳು ಕಪ್ಪಿನಿಂದ ಗಾಢ ಬೂದಿಗೆ ತಿರುಗಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಡಬ್ಬಿಯ ಮೇಲಿನ ‘1 ಎಂಎಸ್ ಎಂಪಿಆರ್‌ಟಿ’ ಚಲಿಸುವ ಚಿತ್ರ ಎಷ್ಟು ಹೊತ್ತು ಮಸುಕಾಗಿ ಕಾಣುತ್ತದೆ ಎಂಬುದರ ಅಳತೆ, ಪಿಕ್ಸೆಲ್ ಬಣ್ಣ ಬದಲಿಸುವ ಈ ವೇಗದ್ದಲ್ಲ. ಮೆನುವಿನಲ್ಲಿ ಓವರ್‌ಡ್ರೈವ್ (ಪಿಕ್ಸೆಲ್‌ಗಳನ್ನು ಬೇಗ ತಿರುಗಿಸುವ ಸೆಟ್ಟಿಂಗ್) ಒಂದು ಹಂತ ಏರಿಸಿ. ಅತಿಯಾದರೆ ಬಾಲದ ಜಾಗದಲ್ಲಿ ಬಿಳಿ ನೆರಳು ಬರುತ್ತದೆ, ಆಗ ಒಂದು ಹಂತ ಇಳಿಸಿ. ಹಾಗೆಯೇ ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇಯಲ್ಲಿ 144 ಆಯ್ಕೆಯಾಗಿದೆಯೇ ನೋಡಿ. ಎಷ್ಟೋ ಬಾರಿ ಅದು 60ರಲ್ಲೇ ಉಳಿದಿರುತ್ತದೆ. 144 ಪಟ್ಟಿಯಲ್ಲೇ ಇಲ್ಲದಿದ್ದರೆ ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಬದಲಿಸಿ ಕೊಡುವ ಅವಧಿ ಮುಗಿದಿಲ್ಲವೆಂದರೆ ಐಪಿಎಸ್‌ಗೆ ಬದಲಿಸಿಕೊಳ್ಳಿ.

ಪ್ರಶ್ನೆ: ವಿಜಯಪುರದಲ್ಲಿ ಹಳೆಯ ‘ಎಲ್‌ಇಡಿ’ ಮಾನಿಟರ್ ಮೂರು ಸಾವಿರಕ್ಕೆ ಸಿಗುತ್ತಿದೆ. ನಮ್ಮ ಸಿಪಿಯುನಲ್ಲಿ ವಿಜಿಎ ಪೋರ್ಟ್ ಮಾತ್ರ ಇದೆ. ತರಬಹುದೇ?

ಉತ್ತರ: ಎಲ್‌ಇಡಿ ಎಂಬುದು ಪರದೆಯ ಹಿಂದಿನ ದೀಪ, ಟಿಎನ್, ವಿಎ, ಐಪಿಎಸ್ ಎಂಬ ಮೂರು ಬಗೆಯ ಪ್ಯಾನೆಲ್ಲಿಗೂ ಅದೇ ಇರುತ್ತದೆ. ಚಾಲೂ ಮಾಡಿಸಿ, ತಗ್ಗಿ ಕೆಳಗಿನಿಂದ ನೋಡಿ. ಚಿತ್ರ ಕಪ್ಪಾಗಿ ಬಣ್ಣ ತಿರುವುಮುರುವಾದರೆ ಟಿಎನ್. ಲೆಕ್ಕಪತ್ರ, ಟೈಪಿಂಗ್‌ಗೆ ಸಾಕು, ಮೂರು ಸಾವಿರ ಜಾಸ್ತಿಯಾಯಿತು. ಪೆನ್‌ಡ್ರೈವ್‌ನಲ್ಲಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿಯ ಒಂದೊಂದು ಚಿತ್ರ ಒಯ್ದು ಪೂರ್ತಿ ಪರದೆಗೆ ಹಾಕಿಸಿ, ಸತ್ತ ಪಿಕ್ಸೆಲ್ ಹುಡುಕಿ. ಬಿಳಿ ಪರದೆಯಲ್ಲಿ ಅಂಚು ಹಳದಿಯಾಗಿದ್ದರೆ ದೀಪ ಸವೆದಿರಬಹುದು, ಬಿಟ್ಟುಬಿಡಿ.

ಮಾನಿಟರಿನಲ್ಲೂ ವಿಜಿಎ ಇದ್ದರೆ ನೇರ ಕೇಬಲ್ ಸಾಕು. ಎಚ್‌ಡಿಎಂಐ ಮಾತ್ರ ಇದ್ದರೆ ‘ವಿಜಿಎಯಿಂದ ಎಚ್‌ಡಿಎಂಐಗೆ’ ಎಂದೇ ಕೇಳಿ, ಯುಎಸ್‌ಬಿ ಕರೆಂಟಿನ ಕನ್ವರ್ಟರ್ ತನ್ನಿ. ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂಬುದನ್ನು ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ಧೂಳು ಕೂತಾಗ ಪರದೆಯನ್ನು ಬಂದ್ ಮಾಡಿ, ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಗಾಜು ಒರೆಸುವ ದ್ರವ ಬೇಡ, ಮೇಲಿನ ಲೇಪನ ಹಾಳಾಗುತ್ತದೆ.