ಲೇಸರ್‌ನಿಂದ ವಿಮಾನದ ರೆಕ್ಕೆಯೊಳಗಿನ ಬಿರುಕು ಹುಡುಕುವುದು ಹೇಗೆ?

ಕಾರ್ಬನ್ ಫೈಬರ್ ರೆಕ್ಕೆಯೊಳಗೆ ಲೇಸರ್ ಬೆಳಕು ತೂರುವುದೇ ಇಲ್ಲ, ಮತ್ತೆ ಒಳಗಿನ ಬಿರುಕು ಹೇಗೆ ಗೊತ್ತಾಗುತ್ತದೆ, ಇದನ್ನು ಕಾಲೇಜ್ ಪ್ರಾಜೆಕ್ಟಿಗೆ ತಗೊಳ್ಳಬಹುದಾ ಎಂದು ಕೇಳಿದ್ದೀರಿ.

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಬೆಳಕು ಒಳಗೆ ಹೋಗುವುದಿಲ್ಲ, ಹೋಗುವುದು ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತಾರೆ ಅಲ್ವಾ? ಗಟ್ಟಿ ಮಡಕೆ ಠಣ್ ಅನ್ನುತ್ತದೆ, ಸೀಳಿದ್ದರೆ ಸದ್ದೇ ಬೇರೆ. ವಿಮಾನ ರಿಪೇರಿ ಮಾಡುವವರು ಕಾಂಪೋಸಿಟ್ (ಕಾರ್ಬನ್ ಫೈಬರ್‌ನಂಥ ಎಳೆಗಳನ್ನು ಅಂಟಿನಲ್ಲಿ ಪದರ ಪದರವಾಗಿ ಕೂಡಿಸಿದ ವಸ್ತು) ಭಾಗಗಳನ್ನು ಇವತ್ತಿಗೂ ನಾಣ್ಯದಿಂದ ತಟ್ಟಿ ಕೇಳುವುದುಂಟು. ಇಲ್ಲಿ ಆ ಬೆರಳಿನ ಕೆಲಸ ಲೇಸರ್‌ನದು.

ಲೇಸರ್‌ನ ಒಂದು ಮಿಣುಕು ಇರುವುದು ಸುಮಾರು 10 ನ್ಯಾನೋಸೆಕೆಂಡ್ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಮಾತ್ರ. ಅಷ್ಟರಲ್ಲೇ ಬಿದ್ದ ಜಾಗ ಬಿಸಿಯಾಗಿ ಉಬ್ಬಲು ನೋಡುತ್ತದೆ. ಸುತ್ತಲಿನ ತಣ್ಣನೆ ಭಾಗ ಬಿಡುವುದಿಲ್ಲ. ಆ ತಳ್ಳಾಟವೇ ಅಲೆಯಾಗಿ ಹರಡುತ್ತದೆ. ಶಕ್ತಿಯನ್ನು ಮಿತಿಯಲ್ಲಿಟ್ಟರೆ ಮೇಲೆ ಕಲೆಯೂ ಬೀಳುವುದಿಲ್ಲ. ತೆಳು ಹಲಗೆಯಲ್ಲಿ ಓಡುವ ಈ ಅಲೆಗಳಿಗೆ ಲ್ಯಾಂಬ್ ಅಲೆ ಅಂತ ಹೆಸರು. ಇಂಗ್ಲೆಂಡಿನ ಗಣಿತಜ್ಞ ಹೊರೇಸ್ ಲ್ಯಾಂಬ್ 1917ರಲ್ಲೇ ಇವುಗಳ ಗಣಿತ ಬರೆದಿಟ್ಟಿದ್ದರು.

ನಾನು ಮೊದಲು ಸ್ಕ್ಯಾನ್ ಮಾಡಿದ ಕಾಂಪೋಸಿಟ್ ಹಲಗೆಯ ಕಥೆ ಹೇಳುತ್ತೇನೆ. ಅದರ ಮೇಲೆ ಉಕ್ಕಿನ ಗುಂಡು ಬೀಳಿಸಿದ್ದೆವು. ಬೆರಳಾಡಿಸಿದರೆ ಏನೂ ತಗುಲುತ್ತಿರಲಿಲ್ಲ, ಆದರೆ ಒಳಗೆ ಪದರಗಳು ಬಿಟ್ಟುಕೊಂಡಿದ್ದವು. ಮೂಲೆಯಲ್ಲಿ ಒಂದೇ ಒಂದು ಪೀಜೋ ಸೆನ್ಸರ್ (ನಡುಕವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಬಿಲ್ಲೆ) ಅಂಟಿಸಿದೆವು. ಲೇಸರನ್ನು ಕನ್ನಡಿಯಿಂದ ತಿರುಗಿಸುತ್ತಾ, 10 ಸೆಂ.ಮೀ. ಚೌಕದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ 1 ಮಿ.ಮೀ.ಗೆ ಒಂದರಂತೆ ತಟ್ಟಿದೆವು. ಸುಮಾರು 10,000 ಚುಕ್ಕಿ. ಸೆಕೆಂಡಿಗೆ 20 ಏಟು ಅಂದರೂ ಎಂಟು ನಿಮಿಷದ ಮೇಲಾಯಿತು.

ನನಗೆ ಈಗಲೂ ತುಂಬಾ ಇಷ್ಟವಾಗುವುದು ಮುಂದಿನ ಹಂತ. ಚುಕ್ಕಿಯಿಂದ ಸೆನ್ಸರ್‌ಗೆ ಬಂದ ಅಲೆ ಹೇಗಿರುತ್ತದೋ, ಸೆನ್ಸರ್ ಜಾಗದಿಂದ ಚುಕ್ಕಿಗೆ ಹೋಗುವ ಅಲೆಯೂ ಹಾಗೇ ಇರುತ್ತದೆ. ಹಾಗಾಗಿ ಎಲ್ಲ ಚುಕ್ಕಿಗಳ ದಾಖಲೆಯನ್ನೂ ಕ್ಷಣಕ್ಷಣಕ್ಕೆ ಜೋಡಿಸಿದರೆ ಒಂದು ವಿಡಿಯೋ ಆಗುತ್ತದೆ. ಕೆರೆಗೆ ಕಲ್ಲು ಎಸೆದಂತೆ ಸೆನ್ಸರ್‌ನಿಂದ ಅಲೆ ಹೊರಡುತ್ತದೆ. ಗುಂಡು ಬಿದ್ದ ಜಾಗಕ್ಕೆ ಬಂದಾಗ ಅದು ಹಿಂದೆ ಬಿತ್ತು, ಗೆರೆಗಳು ಒತ್ತೊತ್ತಾದವು. ಉಳಿದ ಅಲೆ ದಾಟಿ ಹೋದ ಮೇಲೂ ಆ ಒಂದು ಜಾಗ ಮಾತ್ರ ನಡುಗುತ್ತಲೇ ಇತ್ತು! ಬಿಟ್ಟುಕೊಂಡ ಪದರ ತೆಳು, ತೆಳುವಾದದ್ದರಲ್ಲಿ ಬಾಗುವ ಅಲೆ ನಿಧಾನ. ಅಂಚಿಗೆ ತಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ ಕೂಡ.

ಮಾಮೂಲಿ ಅಲ್ಟ್ರಾಸೌಂಡ್ ಸಾಲದಾ ಅಂದರೆ, ಎಷ್ಟೋ ಕಡೆ ಸಾಕು. ಆದರೆ ಅದಕ್ಕೆ ಜೆಲ್ ಅಥವಾ ನೀರು ಬೇಕು, ಸದ್ದು ಕಳಿಸಿ ಕೇಳುವ ಪ್ರೋಬ್ ನೇರವಾಗಿ ಕೂರಬೇಕು. ಬಾಗಿದ ರೆಕ್ಕೆಯ ಮೇಲೆ ಅದು ಕಷ್ಟ. ಲೇಸರ್ ಸ್ವಲ್ಪ ಓರೆಯಾಗಿ ಬಿದ್ದರೂ ಅಲೆ ಹುಟ್ಟುತ್ತದೆ. ನಮ್ಮ ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು 45% ಕಾಂಪೋಸಿಟ್, ಬೋಯಿಂಗ್ 787ರಲ್ಲಿ ಸುಮಾರು ಅರ್ಧ. ಇಂಥ ತಪಾಸಣೆಯ ಕೆಲಸ ಜಾಸ್ತಿಯಾಗುತ್ತಲೇ ಇದೆ.

ವಿಮಾನವಷ್ಟೇ ಅಲ್ಲ, ಕಾಂಕ್ರೀಟನ್ನೂ ಹೀಗೆ ತಟ್ಟಿ ನೋಡಬಹುದು, ಆದರೆ ಅದು ಬೇರೆ ಕಥೆ. ಜಲ್ಲಿಕಲ್ಲು ಹೆಚ್ಚು ಆವರ್ತನದ (ಸೆಕೆಂಡಿಗೆ ಹೆಚ್ಚು ಬಾರಿ ನಡುಗುವ) ಅಲೆಯನ್ನು ಚದುರಿಸಿಬಿಡುತ್ತದೆ, ಕಡಿಮೆ ಆವರ್ತನದಲ್ಲೇ ನೋಡಬೇಕು. 1999ರಲ್ಲಿ ಜಪಾನಿನ ಸಾನ್ಯೋ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಮಾರ್ಗದ ಸುರಂಗದಲ್ಲಿ ಕಾಂಕ್ರೀಟ್ ತುಂಡು ಓಡುವ ರೈಲಿನ ಮೇಲೆ ಬಿದ್ದಿತ್ತು. ಸುರಂಗದ ಗೋಡೆಯನ್ನು ಸುತ್ತಿಗೆಯ ಬದಲು ಲೇಸರ್‌ನಿಂದ ತಟ್ಟುವ ಪ್ರಯತ್ನವೂ ಅಲ್ಲಿ ನಡೆದಿದೆ.

ಪ್ರಾಜೆಕ್ಟ್ ಖಂಡಿತ ಮಾಡಿ, ಆದರೆ ಲೇಸರ್‌ನಿಂದ ಶುರು ಮಾಡಬೇಡಿ. ಇದಕ್ಕೆ ಹೆಚ್ಚಾಗಿ ಬಳಸುವ ಲೇಸರ್‌ನ 1064 ನ್ಯಾನೋಮೀಟರ್ ತರಂಗಾಂತರದ ಬೆಳಕು ಕಣ್ಣಿಗೆ ಕಾಣುವುದಿಲ್ಲ, ರೆಪ್ಪೆ ಮುಚ್ಚುವಷ್ಟರಲ್ಲಿ ಕಣ್ಣೇ ಹೋಗಬಹುದು. ಒಂದು ಅಲ್ಯೂಮಿನಿಯಂ ಹಾಳೆಗೆ ಎರಡು ಪೀಜೋ ಬಿಲ್ಲೆ ಅಂಟಿಸಿ. ಒಂದಕ್ಕೆ ಪಲ್ಸ್ (ಚಿಕ್ಕದೊಂದು ವಿದ್ಯುತ್ ಏಟು) ಕೊಟ್ಟು, ಇನ್ನೊಂದರಿಂದ ಬರುವುದನ್ನು ವಿದ್ಯುತ್ ಸಂಕೇತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ನೋಡಿ. ಆಮೇಲೆ ನಡುವೆ ಗರಗಸದಿಂದ ಒಂದು ಸೀಳು ಹಾಕಿ ಮತ್ತೆ ನೋಡಿ. ಎರಡು ಚಿತ್ರವನ್ನೂ ಇಲ್ಲೇ ಹಾಕಿದರೆ ಕೂತು ಒಟ್ಟಿಗೆ ಬಿಡಿಸೋಣ.